ಹಳೇ ಸ್ವೆಟರ್ ಬಿಚ್ಚಿ, ಗುಜರಿ ಸ್ಟೂಲಿಗೆ ಕ್ರೋಶಾ ಹೊದಿಕೆ

ಗುಜರಿ ಅಂಗಡಿಯ ದುಂಡು ಮರದ ಸ್ಟೂಲು, ಟ್ರಂಕಿನ ತಳದಲ್ಲಿ ಮಡಚಿಟ್ಟ ಸ್ವೆಟರ್, ಅಂಚು ಹರಿದ ಕಂಬಳಿ. ಈ ಮೂರಿದ್ದರೆ ಹತ್ತಾರು ವರ್ಷ ಬಾಳುವ ಮೆತ್ತನೆಯ ಸ್ಟೂಲು ಸಿದ್ಧವಾಗುತ್ತದೆ. ದಾವಣಗೆರೆ, ಚಿತ್ರದುರ್ಗದಲ್ಲಿ ಸ್ವೆಟರ್ ತೊಡುವಷ್ಟು ಚಳಿ ಬೀಳುವುದು ಡಿಸೆಂಬರ್, ಜನವರಿಯ ಕೆಲವೇ ವಾರ. ಹಾಗಾಗಿ ನಮ್ಮ ಕಡೆಯ ಹಳೇ ಸ್ವೆಟರುಗಳಲ್ಲಿ ದಾರ ಸವೆದಿರುವುದು ಕಡಿಮೆ, ಅಳತೆ ಚಿಕ್ಕದಾಗಿರುವುದೇ ಹೆಚ್ಚು. ಕ್ರೋಶಾ, ಅಂದರೆ ಕೊಕ್ಕೆ ಕಡ್ಡಿಯ ಹೆಣಿಗೆ, ಬರುವವರಿಗೆ ಇದು ಕಷ್ಟವಲ್ಲ. ಕೆಲಸ ಕೆಡುವುದು ತಪ್ಪು ಸ್ವೆಟರ್ ಆರಿಸಿದಾಗ, ಇಲ್ಲವೇ ಬಿಚ್ಚಿದ ದಾರವನ್ನು ತೊಳೆಯದೆ ಹೆಣೆಯಲು ಕೂತಾಗ.

ಯಾವ ಸ್ವೆಟರ್ ಬಿಚ್ಚಬಹುದು

ಒಳಮೈ ತಿರುಗಿಸಿ ಪಕ್ಕದ ಹೊಲಿಗೆ ನೋಡಿ. ಎರಡು ಭಾಗಗಳ ಅಂಚು ಹಾಗೇ ಉಳಿದು, ನಡುವೆ ಒಂದೇ ದಾರ ಸರಪಳಿಯಂತೆ ಓಡಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ಅಂಚಿಗೆ ಓವರ್‌ಲಾಕ್, ಅಂದರೆ ಅಂಚನ್ನು ಸುತ್ತಿಕೊಳ್ಳುವ ಯಂತ್ರದ ಹೊಲಿಗೆ, ಹೊಡೆದಿದ್ದರೆ ಬಿಟ್ಟುಬಿಡಿ. ಅಲ್ಲಿ ಬಟ್ಟೆಯನ್ನು ಕತ್ತರಿಸಿ ಹೊಲಿದಿರುತ್ತಾರೆ, ಪ್ರತಿ ಸಾಲಿನ ಕೊನೆಯಲ್ಲೂ ದಾರ ತುಂಡಾಗಿರುತ್ತದೆ. ಎಳೆದರೆ ಮೊಳದುದ್ದದ ಚೂರುಗಳು ಕೈಗೆ ಬರುತ್ತವೆ. ಒಗೆದು ಒಗೆದು ಒತ್ತಾಗಿ ಗಂಟುಕಟ್ಟಿದ ಉಣ್ಣೆಯೂ ಬಿಚ್ಚಲು ಬರುವುದಿಲ್ಲ. ಕೈಯಲ್ಲಿ ಹೆಣೆದ ಸ್ವೆಟರ್ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ.

ಉಣ್ಣೆಯೋ ಅಕ್ರಿಲಿಕ್ಕೋ ತಿಳಿಯಲು ಒಂದು ಎಳೆಯನ್ನು ಸ್ಟೀಲ್ ತಟ್ಟೆಯ ಮೇಲೆ ಹಿಡಿದು ಬೆಂಕಿ ತಾಗಿಸಿ. ಉಣ್ಣೆ ಸುಟ್ಟ ಕೂದಲಿನ ವಾಸನೆ ಬರುತ್ತದೆ, ಬೂದಿ ಬೆರಳಿಗೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆರುವ ಮೊದಲು ಮುಟ್ಟಬೇಡಿ. ಎರಡೂ ನಡೆಯುತ್ತವೆ, ಆದರೆ ತೊಳೆಯುವ ಕ್ರಮ ಬೇರೆ. ಈ ಹೊದಿಕೆಗೆ 100ರಿಂದ 120 ಗ್ರಾಂ ದಾರ ಸಾಕು.

ಬಿಚ್ಚುವುದು, ತೊಳೆಯುವುದು

ಮೊದಲು ಕುತ್ತಿಗೆ ಪಟ್ಟಿ, ಆಮೇಲೆ ತೋಳು, ಪಕ್ಕ, ಭುಜ. ಸರಪಳಿ ಹೊಲಿಗೆ ಅಕ್ಕಿ ಚೀಲದ ಬಾಯಿಯಂತೆಯೇ: ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ, ಇನ್ನೊಂದು ತುದಿಯಿಂದ ಎಳೆದರೆ ಬಿಗಿಯುತ್ತದೆ. ಚೂಪು ಕತ್ತರಿ ಸ್ವೆಟರಿನ ದಾರಕ್ಕೆ ತಾಗದಂತೆ ಹೊಲಿಗೆ ದಾರವನ್ನು ಮಾತ್ರ ಕತ್ತರಿಸಿ.

ಭಾಗಗಳು ಬೇರೆಯಾದ ಮೇಲೆ ಹೆಣಿಗೆ ಮುಗಿಸಿದ ಕಡೆಯಿಂದ ಎಳೆಯಿರಿ. ಕೆಳಗಿನಿಂದ ಮೇಲಕ್ಕೆ ಹೆಣೆದ ಸ್ವೆಟರಿನಲ್ಲಿ ಅದು ಭುಜದ ಕಡೆ ಇರುತ್ತದೆ. ಶುರುವಿನ ಅಂಚಿನಿಂದ ಎಳೆದರೆ ದಾರ ಸಾಲುಸಾಲಿಗೂ ಸಿಕ್ಕಿಕೊಳ್ಳುತ್ತದೆ. ಬಂದ ದಾರವನ್ನು ಉಂಡೆ ಮಾಡದೆ ಕುರ್ಚಿಯ ಬೆನ್ನಿಗೆ ಸುತ್ತುತ್ತ ಹೋಗಿ. ಹೀಗಾದ ಲಡಿಯನ್ನು ನಾಲ್ಕು ಕಡೆ ಹತ್ತಿ ದಾರದಿಂದ ಸಡಿಲವಾಗಿ ಕಟ್ಟಿ. ಬಿಗಿ ಕಟ್ಟಿದರೆ ಆ ಜಾಗದ ಸುರುಳಿ ಹೋಗುವುದಿಲ್ಲ.

ಬಿಚ್ಚಿದ ದಾರ ನೂಡಲ್ಸಿನಂತೆ ಸುರುಳಿಯಾಗಿರುತ್ತದೆ. ಹಾಗೇ ಹೆಣೆದರೆ ಹೊಲಿಗೆಗಳು ಒಂದು ದೊಡ್ಡದು ಒಂದು ಚಿಕ್ಕದು. ಮೊದಲ ಒಗೆತಕ್ಕೇ ಹೊದಿಕೆ ಹಿಗ್ಗಿ ಜೋಲುತ್ತದೆ. ಉಗುರು ಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಸಿ. ಚಿತ್ರದುರ್ಗ, ಚಳ್ಳಕೆರೆ ಕಡೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಬಾರ್ ಸೋಪು ಹಾಕಿದರೆ ಬಿಳಿ ಗಷ್ಟು ದಾರಕ್ಕೆ ಅಂಟಿ ಒರಟಾಗುತ್ತದೆ. ಅಂಟುವಾಳದ ನೀರಿಗೆ ಈ ತೊಂದರೆಯಿಲ್ಲ: ಏಳೆಂಟು ಕಾಯಿಯ ಸಿಪ್ಪೆ ರಾತ್ರಿ ನೆನೆಸಿ, ಕಿವುಚಿ ಸೋಸಿಕೊಳ್ಳಿ. ಕೊನೆಯ ಬಕೆಟ್ ನೀರಿಗೆ ಒಂದು ನಿಂಬೆಹಣ್ಣಿನ ರಸ ಹಿಂಡಿ.

ಉಣ್ಣೆಯನ್ನು ಬಿಸಿನೀರಿನಲ್ಲಿ ಉಜ್ಜಬಾರದು, ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತದೆ. ಹಿಂಡದೆ, ಟವೆಲಿನಲ್ಲಿ ಸುತ್ತಿ ಅದುಮಿ. ನೆರಳಿನಲ್ಲಿ ಕೋಲಿಗೆ ನೇತುಹಾಕಿ, ಕೆಳಗೆ ಅರ್ಧ ಲೀಟರ್ ನೀರಿನ ಬಾಟಲಿ ತೂಗಿಬಿಡಿ. ಅದಕ್ಕಿಂತ ಭಾರ ಬೇಡ, ದಾರ ಎಳೆದುಕೊಂಡು ತೆಳುವಾಗುತ್ತದೆ. ಅಕ್ರಿಲಿಕ್ಕಿನ ಸುರುಳಿ ನೀರಿಗೆ ಪೂರ್ತಿ ಬಿಡದಿದ್ದರೆ ಕುದಿಯುವ ಪಾತ್ರೆಯ ಹಬೆಗೆ ದೂರದಿಂದ ಹಿಡಿಯಿರಿ. ಇಸ್ತ್ರಿಪೆಟ್ಟಿಗೆ ಮಾತ್ರ ಮುಟ್ಟಿಸಬೇಡಿ.

ಸ್ಟೂಲು ಮತ್ತು ಮೆತ್ತೆ

ಮರದಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಒಳಗೆ ಹುಳುವಿದೆ. ಅಂಥ ಸ್ಟೂಲು ಎಷ್ಟು ಅಗ್ಗವಾದರೂ ತರಬೇಡಿ. ಕಾಲು ಅಲ್ಲಾಡಿದರೆ ಕೀಲು ಬಿಚ್ಚಿ, ಹಳೇ ಗೋಂದು ಕೆರೆದು, ಫೆವಿಕಾಲ್ ಹಾಕಿ ಹಗ್ಗದಿಂದ ಬಿಗಿದು ಒಂದು ದಿನ ಬಿಡಿ. 120 ನಂಬರಿನ ಉಪ್ಪುಕಾಗದದಿಂದ ಅಂಚು ಉಜ್ಜಿ. ಸಿಬಿರು ಉಳಿದರೆ ದಾರ ಅಲ್ಲೇ ಹರಿಯುತ್ತದೆ.

ಮೆತ್ತೆಗೆ ಸ್ಪಂಜಿಗಿಂತ ಕಂಬಳಿ ಮೇಲು. ಸ್ಪಂಜು ಕೆಲ ವರ್ಷಕ್ಕೆ ಪುಡಿಯಾಗುತ್ತದೆ, ಕುರಿಯುಣ್ಣೆಯ ಕಂಬಳಿ ಕೂತರೂ ಮತ್ತೆ ಏಳುತ್ತದೆ. ಚಳ್ಳಕೆರೆ ಕಡೆಯ ಕಂಬಳಿಯ ಬಿರುಸಿಗೆ ನೇಯುವಾಗ ನೂಲಿಗೆ ಕೊಡುವ ಹುಣಸೆಬೀಜದ ಗಂಜಿ ಕಾರಣ. ಗಂಜಿ ಉಳಿದಿದ್ದರೆ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ ತೆಗೆದು, ಎರಡು ದಿನ ಬಿಸಿಲಿಗೆ ಹಾಕಿ. 30 ಸೆಂ.ಮೀ. ಅಗಲದ ಪೀಠಕ್ಕೆ 30 ಮತ್ತು 28 ಸೆಂ.ಮೀ.ನ ಎರಡು ದುಂಡು ಕತ್ತರಿಸಿ, ಚಿಕ್ಕದು ಕೆಳಗೆ. ಅಂಚು ಬಿಡದಂತೆ ಸುತ್ತುಹೊಲಿಗೆ ಹಾಕಿ. ದೇವರ ಗದ್ದುಗೆಗೆ ಹಾಸಿದ ಕಂಬಳಿಯನ್ನು ಇದಕ್ಕೆ ಬಳಸಬೇಡಿ, ಮನೆಯ ಹಿರಿಯರನ್ನು ಕೇಳಿಯೇ ಕತ್ತರಿ ಹಾಕಿ.

ಹೆಣಿಗೆ

4.5 ಮಿ.ಮೀ. ಕ್ರೋಶಾ ಕಡ್ಡಿ ಬೇಕು. ಲೇಸ್ ಹೆಣೆಯುವ ಸಣ್ಣ ಸ್ಟೀಲ್ ಕಡ್ಡಿ ಆಗದು. ದಾರ ತೆಳುವಾಗಿದ್ದರೆ ಎರಡು ಮೂರು ಎಳೆ ಸೇರಿಸಿ. ಇಲ್ಲಿ ಡಬಲ್ ಕ್ರೋಶಾ ಎಂದರೆ ಕಡ್ಡಿಗೆ ಒಮ್ಮೆ ದಾರ ಸುತ್ತಿ ಹೆಣೆಯುವ ಉದ್ದ ಹೊಲಿಗೆ.

ನಾಲ್ಕು ಚೈನಿನ ಉಂಗುರದೊಳಗೆ 12 ಡಬಲ್ ಕ್ರೋಶಾ. ಎರಡನೇ ಸುತ್ತಿನಲ್ಲಿ ಪ್ರತಿ ಹೊಲಿಗೆಗೆ ಎರಡು, ಒಟ್ಟು 24. ಮೂರರಲ್ಲಿ ಒಂದು ಬಿಟ್ಟು ಒಂದಕ್ಕೆ ಎರಡು, 36. ನಾಲ್ಕರಲ್ಲಿ ಎರಡು ಒಂಟಿ, ಮೂರನೆಯದಕ್ಕೆ ಜೋಡಿ, 48. ಹೀಗೆ ಸುತ್ತಿಗೆ 12 ಹೆಚ್ಚುತ್ತ 11ನೇ ಸುತ್ತಿಗೆ 132 ಹೊಲಿಗೆ, ಸುಮಾರು 30 ಸೆಂ.ಮೀ. ಆಗುತ್ತದೆ. ಪೀಠಕ್ಕಿಂತ 1 ಸೆಂ.ಮೀ. ಚಿಕ್ಕದಿದ್ದಾಗಲೇ ನಿಲ್ಲಿಸಿ, ಹೆಣಿಗೆ ಎಳೆದುಕೊಳ್ಳುತ್ತದೆ.

ಮೂರು ಸುತ್ತಿಗೊಮ್ಮೆ ನೆಲದ ಮೇಲಿಟ್ಟು ನೋಡಿ. ಬಟ್ಟಲಿನಂತೆ ಎದ್ದರೆ ಹೊಲಿಗೆ ಕಡಿಮೆಯಾಗಿದೆ ಅಥವಾ ಕೈ ಬಿಗಿಯಾಗಿದೆ. ಅಂಚು ಅಲೆಅಲೆಯಾದರೆ ಹೆಚ್ಚಾಗಿದೆ. ಸುತ್ತಿನ ಸಂಖ್ಯೆಯನ್ನು 12ರಿಂದ ಗುಣಿಸಿ ಎಣಿಸಿ. ತಪ್ಪು ಸಾಮಾನ್ಯವಾಗಿ ಸುತ್ತು ಸೇರುವ ಜಾಗದಲ್ಲಿರುತ್ತದೆ: ಶುರುವಿನ ಮೂರು ಚೈನು ಒಂದು ಹೊಲಿಗೆಯ ಲೆಕ್ಕ, ಸೇರಿಸುವ ಸ್ಲಿಪ್ ಹೊಲಿಗೆ ಲೆಕ್ಕಕ್ಕಿಲ್ಲ. ಜೋಡಿಗಳು ಒಂದರ ಮೇಲೊಂದು ಬಂದರೆ ದುಂಡು ಹೋಗಿ 12 ಮೂಲೆ ಕಾಣುತ್ತವೆ. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಜೋಡಿಯ ಜಾಗ ಸರಿಸಿ.

ದಾರ ಮುಗಿದಾಗ ಗಂಟು ಹಾಕಬೇಡಿ, ಕೂತಾಗ ಚುಚ್ಚುತ್ತದೆ. ಉಣ್ಣೆಯಾದರೆ ಎರಡೂ ತುದಿ ಕೆದರಿ, ಒದ್ದೆ ಮಾಡಿ, ಅಂಗೈಗಳ ನಡುವೆ ಬಿರುಸಾಗಿ ಉಜ್ಜಿದರೆ ಒಂದಾಗುತ್ತವೆ. ಅಕ್ರಿಲಿಕ್ ಹಾಗೆ ಸೇರುವುದಿಲ್ಲ, 10 ಸೆಂ.ಮೀ. ತುದಿ ಬಿಟ್ಟು ಸೂಜಿಯಿಂದ ಒಳಗೆ ಪೋಣಿಸಿ.

ಅಂಚು ಬಗ್ಗಿಸಲು ಒಂದು ಸುತ್ತು ಸಿಂಗಲ್ ಕ್ರೋಶಾ (ಕಡ್ಡಿಗೆ ಮೊದಲು ದಾರ ಸುತ್ತದೆ ಹೆಣೆಯುವ ಗಿಡ್ಡ ಹೊಲಿಗೆ), ಹೊಲಿಗೆಯ ತಲೆಯ ಎರಡು ಎಳೆಗಳಲ್ಲಿ ಹಿಂದಿನದನ್ನು ಮಾತ್ರ ಹಿಡಿದು. ಬಳಿಕ ಹೆಚ್ಚಿಸದೆ ಮೂರು ಸುತ್ತು ಡಬಲ್ ಕ್ರೋಶಾ. ಮುಂದಿನ ಸುತ್ತಿನಲ್ಲಿ ನಾಲ್ಕು ಹೆಣೆದು, ಐದು ಮತ್ತು ಆರನೆಯದನ್ನು ಒಂದು ಮಾಡಿ, 110 ಉಳಿಯುತ್ತವೆ. ಕೊನೆಗೆ ಒಂದು ಡಬಲ್ ಕ್ರೋಶಾ, ಒಂದು ಚೈನು, ಒಂದು ಹೊಲಿಗೆ ಬಿಡುವುದು, 55 ಕಂಡಿ. ಅದರೊಳಗೆ 130 ಸೆಂ.ಮೀ. ಲಂಗದ ಲಾಡಿ ಪೋಣಿಸಿ, ಕಂಬಳಿ ಇಟ್ಟು ಹೊದಿಸಿ, ಪೀಠದ ಅಡಿಗೆ ಬಿಗಿದು ಕಟ್ಟಿ. ಉಲ್ಲನ್ ಚೈನನ್ನೇ ಲಾಡಿಯಾಗಿ ಬಳಸಿದರೆ ಹಿಗ್ಗಿ ಸಡಿಲವಾಗುತ್ತದೆ.

ಒಗೆಯುವಾಗ ಲಾಡಿ ಬಿಚ್ಚಿ ಹೊದಿಕೆ ಮಾತ್ರ ತೆಗೆಯಿರಿ. ತಂತಿಗೆ ನೇತುಹಾಕದೆ ಚಾಪೆಯ ಮೇಲೆ ದುಂಡಗೆ ಹರಡಿ ಒಣಗಿಸಿ. ಕಂಬಳಿಗೆ ಒಗೆತ ಬೇಡ, ಬಿಸಿಲಿಗೆ ಹಾಕಿ ಕೊಡವಿದರೆ ಸಾಕು.