ಬ್ಯಾಂಕಾಕ್ ಪಕ್ಕದಲ್ಲಿ ಇಂಗ್ಲಿಷ್ ಪಾಠ: ರೂಮು ಎಲ್ಲಿ ಹಿಡಿಯಬೇಕು? ನನ್ನ ಅನುಭವ

ಊರು ನೋಡಿ ರೂಮು ಹಿಡಿಯಬೇಡಿ, ಶಾಲೆಯ ಗೇಟು ನೋಡಿ ಹಿಡಿಯಿರಿ. ಗೇಟಿನಿಂದ ದೊಡ್ಡ ಊರಿನ ಕಡೆಗೆ ನಾಲ್ಕೈದು ಸ್ಟೇಷನ್ ಬನ್ನಿ, ಅಲ್ಲಿ ಹುಡುಕಿ. ನಾನು ಈ ಮಾತು ಹೇಳಿದಾಗ ಬ್ಯಾಂಕಾಕ್‌ನಲ್ಲಿದ್ದ ನಮ್ಮ ಕಡೆಯ ಟೀಚರ್‌ಗಳು ಯಾರೂ ಒಪ್ಪಲಿಲ್ಲ. "ಅಷ್ಟು ದೂರ ಒಬ್ಬಳೇ ಹೋಗಿ ಕೂತರೆ ಮೂರೇ ತಿಂಗಳಿಗೆ ಗಂಟುಮೂಟೆ ಕಟ್ತೀಯ ನೋಡು" ಅಂದರು. ಕೊನೆಗೆ ಹಾಗೆ ಹಿಡಿದ ರೂಮಿನಲ್ಲೇ ನಾನು ವಾಪಸ್ ಬರುವವರೆಗೂ ಇದ್ದೆ. ಈಗ ಗೌರಿಬಿದನೂರಿನ ಒಬ್ಬ ಹುಡುಗಿ, ಮಾಲೂರಿನ ಒಬ್ಬರು ಮೇಷ್ಟ್ರು ಇದೇ ಲೆಕ್ಕದಲ್ಲಿ ರೂಮು ಹಿಡಿದು ದುಡ್ಡು ಉಳಿಸುತ್ತಿದ್ದಾರೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇಂಗ್ಲಿಷ್ ಕಲಿಸುವ ಸರ್ಟಿಫಿಕೇಟು ಟೆಫಲ್, ಇಂಗ್ಲಿಷ್ ಪರೀಕ್ಷೆ ಟೋಯಿಕ್, ಕೆಲಸಕ್ಕೆ ಬೇಕಾದ ನಾನ್-ಬಿ ವೀಸಾ, ಡಿಗ್ರಿ ಅಟೆಸ್ಟೇಶನ್, ಇದೆಲ್ಲ ನಿಮಗೆ ಗೊತ್ತಿರುತ್ತೆ. ಅದರ ಗೋಜಿಗೆ ಹೋಗಲ್ಲ. ಒಂದು ಮಾತು ಮಾತ್ರ: ನಿಮ್ಮ ಬಿ.ಎಡ್. ಸರ್ಟಿಫಿಕೇಟನ್ನು ಮರೆಯದೆ ತೆಗೆದುಕೊಂಡು ಹೋಗಿ. ಅಲ್ಲಿನ ಶಿಕ್ಷಕರ ಮಂಡಳಿ ಕುರುಸಫಾ ಲೈಸೆನ್ಸ್ ಕೊಡುವಾಗ ಅದಕ್ಕೆ ಬೆಲೆ ಇದೆ.

ನಾನು ತುಮಕೂರಿನವಳು. ಥಾಯ್ಲೆಂಡ್‌ಗೆ ಹೋಗುವ ಮುಂಚೆ ವರ್ಷಗಟ್ಟಲೆ ಬೆಳಿಗ್ಗೆ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದು ಹೋಗಿ ಪಾಠ ಮಾಡಿ ಬರುತ್ತಿದ್ದೆ. ರೈಲಿನ 60–65 ಕಿಲೋಮೀಟರ್ ಎಂದೂ ಕಷ್ಟ ಅನ್ನಿಸಲಿಲ್ಲ. ಯಶವಂತಪುರದಿಂದ ಶಾಲೆಗೆ ಏಳೆಂಟು ಕಿಲೋಮೀಟರ್ ಇತ್ತಲ್ಲ, ಅದೇ ಜೀವ ತಿನ್ನುತ್ತಿದ್ದದ್ದು. ಬಂಗಾರಪೇಟೆ ರೈಲಿನಲ್ಲಿ ನಿಂತುಕೊಂಡು ಹೋಗುವವರಿಗೂ ಇದು ಗೊತ್ತು. ಗಾಡಿ ಬದಲಾಯಿಸುವ ಕಡೆಯೇ ಟೈಮೂ ಹೋಗುತ್ತೆ, ದುಡ್ಡೂ ಹೋಗುತ್ತೆ. ಈ ಅನುಭವ ಇಟ್ಟುಕೊಂಡೇ ನಾನು ಆಮೇಲೆ ಲೆಕ್ಕ ಹಾಕಿದ್ದು.

2022ರಲ್ಲಿ ನನಗೆ ಕೆಲಸ ಸಿಕ್ಕಿದ್ದು ನೊಂತಬುರಿ ಪ್ರಾಂತ್ಯದಲ್ಲಿ. ಬ್ಯಾಂಕಾಕ್‌ಗೆ ಅಂಟಿಕೊಂಡೇ ಇರುವ ಪ್ರಾಂತ್ಯ ಅದು. ಶಾಲೆ ಇದ್ದದ್ದು ಮಾತ್ರ ಅದರ ಪಶ್ಚಿಮ ಭಾಗದಲ್ಲಿ, ಬಾಂಗ್ ಬುವಾ ಥೋಂಗ್ ಕಡೆ. ಕೆಲಸ ಕೊಡಿಸಿದ ಏಜೆನ್ಸಿಯವರು ರೂಮನ್ನೂ ಅವರೇ ನೋಡಿಟ್ಟಿದ್ದರು, ಸುಖುಮ್ವಿತ್ ರಸ್ತೆಯ ಓನ್ ನುತ್‌ನಲ್ಲಿ. "ಇಂಡಿಯನ್ ಟೀಚರ್‌ಗಳೆಲ್ಲ ಅಲ್ಲೇ ಇರೋದು, ನಿಮಗೂ ಅನುಕೂಲ" ಅಂದರು. ಒಳ್ಳೆಯ ಜಾಗ, ಇಲ್ಲ ಅನ್ನಲ್ಲ. ಕೆಳಗೇ ಸೂಪರ್ ಮಾರ್ಕೆಟ್ಟು, ಪಕ್ಕದಲ್ಲೇ ಸ್ಕೈಟ್ರೇನು. ಆದರೆ ನನ್ನ ಶಾಲೆ ಊರಿನ ಇನ್ನೊಂದು ಮೂಲೆಯಲ್ಲಿ.

ದಿನದ ಓಡಾಟ ಹೀಗಿತ್ತು. ಓನ್ ನುತ್‌ನಿಂದ ಅಸೋಕ್‌ಗೆ ಸ್ಕೈಟ್ರೇನು. ಅಲ್ಲಿ ಇಳಿದು ನೀಲಿ ಲೈನ್ ಮೆಟ್ರೋದಲ್ಲಿ ತಾವೊ ಪೂನ್. ಅಲ್ಲಿ ನೇರಳೆ ಲೈನ್‌ಗೆ ಬದಲಾಯಿಸಿ ಕೊನೆಯ ಸ್ಟೇಷನ್ ಖ್ಲೋಂಗ್ ಬಾಂಗ್ ಫೈ. ಅಲ್ಲಿಂದ ಸೋಂಗ್‌ತೇವ್, ಅಂದರೆ ಹಿಂದುಗಡೆ ಎರಡು ಬೆಂಚು ಹಾಕಿದ ಪಿಕಪ್ ಗಾಡಿ. ಅದು ತಪ್ಪಿದರೆ ಕಿತ್ತಳೆ ಜಾಕೆಟ್ಟಿನವರ ವಿನ್ ಬೈಕು, ಅಂದರೆ ಬೈಕ್ ಟ್ಯಾಕ್ಸಿ. ಅಲ್ಲಿನ ಶಾಲೆಗಳಲ್ಲಿ 8 ಗಂಟೆಗೆ ಧ್ವಜ ಏರಿಸುತ್ತಾರೆ. ಟೀಚರ್‌ಗಳು ಏಳೂಕಾಲು, ಏಳೂವರೆಗೆ ಗೇಟಿನಲ್ಲಿ ನಿಂತು ಮಕ್ಕಳಿಗೆ ಗುಡ್ ಮಾರ್ನಿಂಗ್ ಹೇಳಬೇಕು. ಅಂದರೆ ಐದು ಗಂಟೆ ದಾಟುತ್ತಿದ್ದ ಹಾಗೆ ನಾನು ರೂಮಿಗೆ ಬೀಗ ಹಾಕಿರಬೇಕು. ಒಂದು ಕಡೆಗೆ ಎರಡು ಗಂಟೆ.

ದುಡ್ಡಿನ ಕಥೆ ಕೇಳಿ. ಆಗ ಒಂದು ಬಾತ್‌ಗೆ ನಮ್ಮ ಎರಡೂಕಾಲು ರೂಪಾಯಿ ಇತ್ತು, ಆಮೇಲೆ ಎರಡೂವರೆ ಹತ್ತಿರ ಹೋಯಿತು. ಕೈಗೆ ಬರುತ್ತಿದ್ದ ಸಂಬಳ ಸುಮಾರು 28,000 ಬಾತ್. ಅದೇ ಶಾಲೆಯಲ್ಲಿ, ಅದೇ ಕ್ಲಾಸಿಗೆ ಬರುತ್ತಿದ್ದ ಬಿಳಿಯರಿಗೆ ಇನ್ನೂ ಹತ್ತು ಸಾವಿರ ಜಾಸ್ತಿ. ಅವರಿಗೆ ಊರೊಳಗೆ ರೂಮು ಗಿಟ್ಟುತ್ತೆ, ನಮ್ಮಂಥವರಿಗೆ ಗಿಟ್ಟಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಬರೆದೆ. ನನ್ನ ಬಾಡಿಗೆ 9,500. ಕರೆಂಟು, ನೀರು 1,800ರ ಆಸುಪಾಸು. ಓಡಾಟಕ್ಕೆ ದಿನಕ್ಕೆ 200 ಬಾತ್ ಅಂದರೂ ತಿಂಗಳಿಗೆ 4,500. ಸುಸ್ತಾಗಿ ಬಂದು ಅಡುಗೆ ಮಾಡುವ ಶಕ್ತಿ ಇರುತ್ತಿರಲಿಲ್ಲ, ಹೊರಗೆ ತಿಂದು ಊಟಕ್ಕೇ 7,000. ಇವೂ ಮಿಕ್ಕ ಚಿಲ್ಲರೆ ಖರ್ಚೂ ಎಲ್ಲ ಕಳೆದು ಉಳಿಯುತ್ತಿದ್ದದ್ದು ಎರಡೂವರೆ, ಮೂರು ಸಾವಿರ. ತುಮಕೂರಿನಲ್ಲೇ ಇದ್ದಿದ್ದರೆ ಇದಕ್ಕಿಂತ ಜಾಸ್ತಿ ಉಳಿಸುತ್ತಿದ್ದೆ.

ಬಿಟ್ಟು ಬರೋಣ ಅಂದರೆ ವರ್ಷದ ಕರಾರು. ಅಲ್ಲಿ ಎರಡು ತಿಂಗಳ ಡಿಪಾಸಿಟ್, ಒಂದು ತಿಂಗಳ ಅಡ್ವಾನ್ಸ್ ಕೇಳುವುದು ರೂಢಿ. ಮಧ್ಯದಲ್ಲೇ ಬಿಟ್ಟಿದ್ದಕ್ಕೆ ಡಿಪಾಸಿಟ್ ಪೂರ್ತಿ, ಅಂದರೆ 19,000 ಬಾತ್, ಹೋಯಿತು. ಏಜೆನ್ಸಿಯವರು ಆಗ ಫೋನೇ ಎತ್ತಲಿಲ್ಲ. ಊರಿನಲ್ಲಿ ಚಿನ್ನ ಅಡ ಇಟ್ಟು ಹೋಗಿದ್ದ ದುಡ್ಡು ಅದು. ಈಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತೆ.

ಆಮೇಲೆ ನೊಂತಬುರಿ ದೋಣಿಕಟ್ಟೆ ಹತ್ತಿರ ರೂಮು ಮಾಡಿದೆ. ಚಾವೊ ಫ್ರಾಯ ನದಿಯ ದಡ. ಅಲ್ಲಿಂದ ಎಕ್ಸ್‌ಪ್ರೆಸ್ ದೋಣಿ ಹತ್ತಿದರೆ ನೇರ ಹಳೇ ಬ್ಯಾಂಕಾಕ್. ಸಂಜೆ ಹೊತ್ತು ಆ ದೋಣಿಯಲ್ಲಿ ಸುಮ್ನೆ ಕೂತು ಹೋಗಿ ಬಂದರೂ ಮನಸ್ಸು ಹಗುರ ಆಗುತ್ತಿತ್ತು. ಬಾಡಿಗೆ 5,500. ಶಾಲೆಗೆ ಒಂದು ಗಂಟೆ. ಇದು ಸರಿಹೋಯಿತು ಅನ್ನುವಷ್ಟರಲ್ಲಿ ಅಕ್ಟೋಬರ್ ಬಂತು. ಮಳೆ ನೀರಿನ ಜೊತೆ ಸಮುದ್ರದ ಉಬ್ಬರವೂ ಸೇರಿದರೆ ನದಿ ಏರುತ್ತೆ, ದಡದ ಗಲ್ಲಿಗಳಿಗೆ ನೀರು ನುಗ್ಗುತ್ತೆ. ಬೆಳಿಗ್ಗೆ ಚಪ್ಪಲಿ ಕೈಯಲ್ಲಿ ಹಿಡಿದು, ಹಲಗೆ ಮೇಲೆ ನಡೆದು ರಸ್ತೆಗೆ ಬರಬೇಕು. ಅದನ್ನಾದರೂ ಸಹಿಸಿಕೊಂಡೆ. ಮಾರ್ಚ್–ಏಪ್ರಿಲ್ ಬಿಸಿಲಿಗೆ ಪಶ್ಚಿಮದ ಗೋಡೆ ಕಾದು ರಾತ್ರಿ ಇಡೀ ಎಸಿ ಹಾಕಬೇಕಾಯಿತು. ಮಾಲೀಕರು ಕರೆಂಟಿಗೆ ಯೂನಿಟ್‌ಗೆ 8 ಬಾತ್ ಹಾಕುತ್ತಿದ್ದರು. ಸರ್ಕಾರಿ ದರ 5ಕ್ಕಿಂತ ಕಡಿಮೆ ಇದ್ದಾಗ! ಒಂದು ತಿಂಗಳ ಬಿಲ್ಲು 2,800 ಬಂತು. ಅದೂ ಸಂಬಳ ಇಲ್ಲದ ತಿಂಗಳು. ನನ್ನದು 10 ತಿಂಗಳ ಕಾಂಟ್ರಾಕ್ಟು, ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ಪಗಾರ ಇಲ್ಲ. ಬಾಡಿಗೆಗೆ ಮಾತ್ರ ರಜೆ ಇರಲ್ಲ. ರೂಮು ನೋಡುವಾಗ ವರ್ಷದ ಬಾಡಿಗೆಯನ್ನು 10 ತಿಂಗಳ ಸಂಬಳಕ್ಕೆ ಹಂಚಿ ನೋಡಿ. ಆಗ 5,500ರ ರೂಮು 6,600 ಆಗುತ್ತೆ.

ಅದೇ ಬೇಸಿಗೆ ರಜೆಯಲ್ಲಿ ನಾನು ಊರಿಗೆ ಬರಲಿಲ್ಲ. ನೇರಳೆ ಲೈನಿನ ಒಂದೊಂದೇ ಸ್ಟೇಷನ್ ಇಳಿದು ಸುತ್ತಿದೆ. 2016ರಲ್ಲಿ ಶುರುವಾದ ಲೈನು, 16 ಸ್ಟೇಷನ್. ಶಾಲೆ ಪಕ್ಕದಲ್ಲೇ ರೂಮು ಯಾಕೆ ಮಾಡಲಿಲ್ಲ ಅಂತ ಕೇಳ್ತೀರಿ. ಚಿಂತಾಮಣಿಯ ಗೆಳತಿಯೊಬ್ಬಳು ಹಾಗೇ ಮಾಡಿದ್ದಳು. ಶನಿವಾರವೂ ಮಕ್ಕಳ ತಾಯಂದಿರು ಬಾಗಿಲು ತಟ್ಟುತ್ತಿದ್ದರು, ಶಾಲೆಯವರು ಯಾವ ಹಬ್ಬಕ್ಕಾದರೂ ಕರೆದುಬಿಡುತ್ತಿದ್ದರು. ಸಂಜೆ ಆರರ ಮೇಲೆ ಗಾಡಿ ಇಲ್ಲ. ಊರಿನ ಕಡೆ ಹೋಗಲಾಗದೆ ಅವಳು ನಿಜಕ್ಕೂ ಸೊರಗಿದಳು. ಹಾಗಾಗಿ ಶಾಲೆ ಪಕ್ಕವೂ ಬೇಡ, ಊರೊಳಗೂ ಬೇಡ, ಎರಡರ ನಡುವೆ ಒಂದೇ ಲೈನಿನ ಮೇಲೆ ಇರಬೇಕು ಅಂತ ಗಟ್ಟಿ ಮಾಡಿಕೊಂಡೆ.

ಸಿಕ್ಕಿದ್ದು ಬಾಂಗ್ ರಕ್ ಯಾಯ್ ಸ್ಟೇಷನ್ ಆಸುಪಾಸಿನಲ್ಲಿ. ಯಾವ ಗಲ್ಲಿ ಅಂತ ಬರೆಯಲ್ಲ. ಅಲ್ಲಿ ಇನ್ನೂ ನಮ್ಮವರು ಇಬ್ಬರಿಗೆ ರೂಮು ಕೊಡಿಸುವುದಿದೆ, ಎಲ್ಲರೂ ಹೋಗಿ ನಿಂತರೆ ಬಾಡಿಗೆ ಏರುತ್ತೆ. ಕೊನೆಯ ಸ್ಟೇಷನ್‌ಗೆ ಅಲ್ಲಿಂದ ನಾಲ್ಕೇ ನಿಲ್ದಾಣ. ಬೆಳಿಗ್ಗೆ ಜನವೆಲ್ಲ ಊರಿನ ಕಡೆ ಹೋಗುವಾಗ ನಾನು ಎದುರು ದಿಕ್ಕಿಗೆ. ರೈಲು ಖಾಲಿ, ದಿನಾ ಸೀಟು. ಮೆಟ್ರೋ ಕೆಟ್ಟರೂ ಅದರ ಕೆಳಗೇ ರತ್ತನಾತಿಬೇತ್ ರಸ್ತೆ, ಬಸ್ಸು ವ್ಯಾನು ಇದ್ದೇ ಇರುತ್ತೆ. ಬಾಡಿಗೆ 4,300. 2023ರ ಅಕ್ಟೋಬರ್‌ನಲ್ಲಿ ನೇರಳೆ ಲೈನಿಗೆ ಎಲ್ಲಿಂದ ಎಲ್ಲಿಗೆ ಹೋದರೂ 20 ಬಾತ್ ಅಂತ ಮಾಡಿದರು. ನನಗೆ ಅದರ ಲಾಭ ಜಾಸ್ತಿ ಸಿಕ್ಕಿದ್ದು ಭಾನುವಾರ ದೂರ ಓಡಾಡುವಾಗ.

ನೋಡುವ ಕ್ರಮ ಹೇಳ್ತೀನಿ. ಮಾಲೀಕರ ಹತ್ತಿರ ಮೊದಲು ಬಾಡಿಗೆ ಕೇಳಲೇಬೇಡಿ. "ಖಾ ಫೈ ನುಆಯ್ ಲ ತಾವ್ ರಾಯ್", ಕರೆಂಟು ಯೂನಿಟ್‌ಗೆ ಎಷ್ಟು ಅಂತ ಕೇಳಿ. 7, 8 ಅಂದರೆ ಕಡಿಮೆ ಬಾಡಿಗೆಯ ರೂಮೂ ದುಬಾರಿಯೇ. ನನ್ನದು 5 ಬಾತ್‌ಗೆ ಇಳಿಯಿತು. ಇಳಿಸಿದ್ದು ಹೇಗೆ ಅನ್ನುವುದನ್ನು ಇಲ್ಲಿ ಬರೆಯಲಾರೆ, ಹೋಗುವವರು ತುಮಕೂರು ಬಟವಾಡಿಯ ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಬಂದರೆ ಹೇಳಿಕೊಡುತ್ತೇನೆ. ಎರಡನೆಯದು, ಪಶ್ಚಿಮಕ್ಕೆ ಬಾಲ್ಕನಿ ಇರುವ ರೂಮು ಬೇಡವೇ ಬೇಡ. ಮಧ್ಯಾಹ್ನ ಮೂರು ಗಂಟೆಗೆ ಹೋಗಿ ಗೋಡೆ ಮುಟ್ಟಿ ನೋಡಿ. ಮೂರನೆಯದು ನೀರು. 2011ರಲ್ಲಿ ಬಂದ ದೊಡ್ಡ ನೆರೆಯಲ್ಲಿ ಬಾಂಗ್ ಬುವಾ ಥೋಂಗ್, ಬಾಂಗ್ ಯಾಯ್, ಆ ಕಡೆ ಪತುಂ ತಾನಿಯ ರಂಗ್ಸಿತ್ ಎಲ್ಲ ಮುಳುಗಿದ್ದವು. ಅವರ ಬೌದ್ಧ ಶಕದ ಲೆಕ್ಕದಲ್ಲಿ ಅದು 2554. "54ರಲ್ಲಿ ಇಲ್ಲಿ ಎಲ್ಲಿಯವರೆಗೆ ನೀರಿತ್ತು?" ಅಂತ ಗಲ್ಲಿಯ ಅಂಗಡಿ ಅಜ್ಜಿಯನ್ನು ಕೇಳಿ. ಅವರು ಸೊಂಟ, ಎದೆ ಅಂತ ಕೈ ಇಟ್ಟು ತೋರಿಸುತ್ತಾರೆ. ನಾನು ಮೂರನೇ ಮಹಡಿ ಹಿಡಿದೆ. ಮತ್ತೆ ಟಿಎಂ30 ಅನ್ನುವ ಫಾರಂ. ವಿದೇಶಿಯರು ಬಂದು ಇಳಿದ 24 ಗಂಟೆಯೊಳಗೆ ಮಾಲೀಕರು ವಲಸೆ ಕಚೇರಿಗೆ ತಿಳಿಸಬೇಕು. ಚಿಕ್ಕ ಮಾಲೀಕರಿಗೆ ಇದರ ಅಭ್ಯಾಸ ಇರಲ್ಲ. ಕೊಡ್ತೀನಿ ಅಂತ ಒಪ್ಪಿದ ಮೇಲೇ ಅಡ್ವಾನ್ಸ್ ಕೊಡಿ.

ಅಡುಗೆ ವಿಷಯ ಕೇಳದೆ ರೂಮು ಹಿಡಿಯಬೇಡಿ. ಅಲ್ಲಿನ ಸುಮಾರು ರೂಮುಗಳಲ್ಲಿ ಅಡುಗೆಮನೆಯೇ ಇರಲ್ಲ, ಕೆಲವರು ಗ್ಯಾಸ್ ಒಲೆ ಬಿಡಲ್ಲ. ನನಗೆ ಬಾಲ್ಕನಿಯಲ್ಲಿ ಇಂಡಕ್ಷನ್ ಒಲೆ ಇಡಲು ಒಪ್ಪಿದರು. ರೈಸ್ ಕುಕ್ಕರಿನಲ್ಲಿ ರಾಗಿ ಮುದ್ದೆ ಮಾಡಿ ನೋಡಿದೆ. ಎಸರು ಕುದಿಯುವುದು ಚೆನ್ನಾಗೇ ಕುದಿಯುತ್ತೆ, ಆದರೆ ಹಿಟ್ಟು ಹಾಕಿ ತಿರುವುವಾಗ ಪಾತ್ರೆ ಸುತ್ತುತ್ತೆ, ಗಂಟಾಗುತ್ತೆ. ಇಂಡಕ್ಷನ್ ಮೇಲೆ ದಪ್ಪ ತಳದ ಪಾತ್ರೆ ಇಟ್ಟು ಉರಿ ಕಡಿಮೆ ಮಾಡಿಕೊಂಡ ಮೇಲೆ ಊರಿನ ಮುದ್ದೆಯೇ ಬಂತು. ನುಗ್ಗೆಕಾಯಿ, ತೆಂಗಿನಕಾಯಿ, ಹುಣಸೆಹಣ್ಣು ಸಂತೆಯಲ್ಲೇ ಸಿಗುತ್ತೆ. ಅಲ್ಲಿನ ಫಕ್ ಬುಂಗ್ ಸೊಪ್ಪಿನಲ್ಲಿ ಬಸ್ಸಾರು ಚೆನ್ನಾಗಿ ಆಗುತ್ತೆ, ಕಾಂಡ ಮಾತ್ರ ಬೇರೆ ಬೇಯಿಸಿ. ಬೇಳೆ, ಸಾಸಿವೆ, ಕರಿಬೇವಿಗೆ ಬ್ಯಾಂಕಾಕ್‌ನಲ್ಲಿ ನಮ್ಮವರ ಅಂಗಡಿಗಳಿರುವ ಫಾಹುರತ್‌ಗೆ ಹೋಗಬೇಕು. ತಾವೊ ಪೂನ್‌ನಲ್ಲಿ ನೀಲಿ ಲೈನ್ ಹಿಡಿದು ಸಾಮ್ ಯೋತ್‌ನಲ್ಲಿ ಇಳಿದರೆ ನಡೆಯುವಷ್ಟು ದೂರ. ಸಸ್ಯಾಹಾರಿಗಳು ಹೊರಗೆ ತಿನ್ನುವಾಗ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ 'ಜೇ' ಅಂತ ಬರೆದಿರುವ ಅಂಗಡಿ ನೋಡಿ. ಬೇರೆ ಕಡೆ ಬರೀ ತರಕಾರಿ ಅಂದರೂ ಮೀನಿನ ಸಾಸು ಬಿದ್ದಿರುತ್ತೆ.

ಒಬ್ಬಳೇ ಸೊರಗ್ತೀಯ ಅಂದಿದ್ದರಲ್ಲ, ಅವರಿಗಿಂತ ಜಾಸ್ತಿ ಬ್ಯಾಂಕಾಕ್ ನೋಡಿದ್ದು ನಾನೇ. ಅವರಿಗೆ ಭಾನುವಾರ ನಿದ್ದೆ ಬೇಕಿತ್ತು, ನನಗೆ ಬೇಕಿರಲಿಲ್ಲ. ನವರಾತ್ರಿಗೆ ಸೀಲೋಮ್ ರಸ್ತೆಯ ಮಾರಿಯಮ್ಮನ ಗುಡಿಗೆ ತಪ್ಪದೆ ಹೋದೆ. ವಿಜಯದಶಮಿ ದಿನ ಅಲ್ಲಿ ಉತ್ಸವ ಬರುತ್ತೆ, ಥಾಯ್ ಜನರೇ ಸಾವಿರಗಟ್ಟಲೆ ಕಾಯಿ, ಹೂವು ಹಿಡಿದು ನಿಂತಿರುತ್ತಾರೆ. ಕೈ ಮುಗಿದು ನಿಂತಾಗ ಊರು ದೂರ ಅನ್ನಿಸಲಿಲ್ಲ.

ಈ ರೂಮಿಗೆ ಬಂದ ಮೇಲೆ ತಿಂಗಳಿಗೆ 12–13 ಸಾವಿರ ಬಾತ್ ಉಳಿಯತೊಡಗಿತು. ನಮ್ಮ ದುಡ್ಡಿನಲ್ಲಿ 30,000 ರೂಪಾಯಿ. ಅಡ ಇಟ್ಟ ಚಿನ್ನ ಬಿಡಿಸಿದೆ. "ಅಷ್ಟು ದೂರ ಹೋಗಿ ಏನು ಗುಡ್ಡೆ ಹಾಕ್ತೀಯಮ್ಮ" ಅಂದಿದ್ದ ನಮ್ಮ ಭಾವ ಈಗ ಅವರ ಸ್ನೇಹಿತರ ಮಗಳನ್ನು ನನ್ನ ಹತ್ತಿರ ಕಳಿಸಿದ್ದಾರೆ. ಓನ್ ನುತ್‌ನಲ್ಲಿದ್ದ ಇಬ್ಬರು ಟೀಚರ್‌ಗಳು ಕೂಡ ಆಮೇಲೆ ಅವರವರ ಶಾಲೆಯ ಕಡೆಗೆ ರೂಮು ಬದಲಾಯಿಸಿದರು. ಒಬ್ಬರ ಶಾಲೆ ಬ್ಯಾಂಕಾಕ್ ಪಕ್ಕದ ಇನ್ನೊಂದು ಪ್ರಾಂತ್ಯ ಸಮುತ್ ಪ್ರಾಕಾನ್‌ನಲ್ಲಿ. ಸ್ಕೈಟ್ರೇನಿನ ಸುಖುಮ್ವಿತ್ ಲೈನು 2018ರಲ್ಲೇ ಖೇಹ ಸ್ಟೇಷನ್‌ವರೆಗೆ ಹೋಗಿದೆ, ಅವರಿಗೂ ಬೆಳಿಗ್ಗೆ ಖಾಲಿ ರೈಲು ಸಿಕ್ಕಿತು. ರೂಮಿನ ಚೌಕಾಸಿಗೆ ನನ್ನನ್ನೇ ಕರೆದುಕೊಂಡು ಹೋಗಿದ್ದರು.

ಈ ಸಲ ಹೋಗುವವರು ದಿನಾಂಕ ನೋಡಿಕೊಳ್ಳಿ. ಶಾಲೆ ಮೇ ಮಧ್ಯಕ್ಕೆ ಶುರು. ಏಪ್ರಿಲ್ 13ರಿಂದ 15 ಸೊಂಗ್‌ಕ್ರಾನ್ ಹಬ್ಬ, ಆ ವಾರ ಮಾಲೀಕರು ಊರಿಗೆ ಹೋಗಿರುತ್ತಾರೆ, ಕಚೇರಿಗಳೂ ಮುಚ್ಚಿರುತ್ತವೆ. 20ರ ಮೇಲೆ ಇಳಿಯಿರಿ. ಮೊದಲ ವಾರ ಗೆಸ್ಟ್‌ಹೌಸಿನಲ್ಲಿ ಇದ್ದು, ಬೆಳಿಗ್ಗೆ ಆರೂವರೆಗೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಶಾಲೆಯ ಗೇಟಿನವರೆಗೆ ಹೋಗಿ ಬನ್ನಿ. ವರ್ಷದ ಕರಾರಿಗೆ ಸಹಿ ಹಾಕಬೇಡಿ, ಆರು ತಿಂಗಳಿಗೆ ಒಪ್ಪುವವರು ಹೊರವಲಯದಲ್ಲಿ ಬೇಕಾದಷ್ಟು ಜನ ಇದ್ದಾರೆ. ರಾಗಿ ಹಿಟ್ಟು ಐದು ಕೆಜಿ ಸಾಕು, ಬಿಗಿಯಾಗಿ ಪ್ಯಾಕ್ ಮಾಡಿಸಿ. ಅಲ್ಲಿನ ಮಳೆಗಾಲಕ್ಕೆ ಬೇಗ ಹುಳು ಬೀಳುತ್ತೆ.