ಮುಧೋಳ ನಾಯಿಯನ್ನು ಸಾಕುವುದು, ಪಳಗಿಸುವುದು, ಮರಿ ಮಾಡಿಸುವುದು

ರನ್ನನ ಹುಟ್ಟೂರಾದ ಮುಧೋಳಕ್ಕೆ ಇಂದು ದೇಶದಾದ್ಯಂತ ಹೆಸರು ತಂದುಕೊಟ್ಟಿರುವುದು ಅಲ್ಲಿನ ಬೇಟೆ ನಾಯಿ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಪೋಷಿಸಿ ಬೆಳೆಸಿದರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ನಾಲ್ಕು ದೇಶಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಮುಂದೆ ಸೇನೆ ಮೀರತ್‌ನ ತನ್ನ ಶ್ವಾನ ತರಬೇತಿ ಕೇಂದ್ರಕ್ಕೆ ಇದರ ಮರಿಗಳನ್ನು ಒಯ್ದಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ತಮ್ಮ ಬಾನುಲಿ ಭಾಷಣದಲ್ಲಿ ಇದರ ಹೆಸರನ್ನೂ ಹೇಳಿದರು. ಇದರಿಂದ ಬೇಡಿಕೆ ಹೆಚ್ಚಿತು. ಬೇಡಿಕೆಯ ಜೊತೆಗೆ, ಈ ನಾಯಿಯ ಸ್ವಭಾವವನ್ನು ಅರಿಯದೆ ಮನೆಗೆ ತಂದು ಗೇಟಿನ ಬಳಿ ಸರಪಳಿಗೆ ಕಟ್ಟುವವರೂ, ವಂಶದ ದಾಖಲೆಯಿಲ್ಲದೆ ಮರಿ ಮಾಡಿಸಿ ಮಾರುವವರೂ ಹೆಚ್ಚಿದರು. ಕಟ್ಟಿಹಾಕಿ ಬೆಳೆಸಿದ ಮುಧೋಳ ನಾಯಿ ಒಂದೋ ಅಂಜುಬುರುಕವಾಗುತ್ತದೆ, ಇಲ್ಲವೇ ಅಪರಿಚಿತರ ಮೇಲೆ ಎರಗುತ್ತದೆ. ಸರಿಯಾಗಿ ಬೆಳೆಸಿದರೆ ಅದು ಮನೆಯೊಳಗೆ ಸದ್ದಿಲ್ಲದೆ ಮಲಗುವ, ತನ್ನವರನ್ನು ಆಳವಾಗಿ ಹಚ್ಚಿಕೊಳ್ಳುವ ನಾಯಿ. ಹಾಗೆ ಬೆಳೆಸುವುದು ಹೇಗೆ ಎಂಬುದನ್ನು ಮರಿ ಆರಿಸುವ ಹಂತದಿಂದಲೇ ನೋಡೋಣ.

ಮರಿ ತರುವ ಮುನ್ನ

ಮೊದಲು ನಿಮ್ಮ ಜಾಗ ಮತ್ತು ಸಮಯವನ್ನು ಅಳೆದುಕೊಳ್ಳಿ. ಮುಧೋಳ ನಾಯಿ ನೋಟದಿಂದ ಬೇಟೆಯಾಡುವ ಗುಂಪಿಗೆ ಸೇರಿದ್ದು: ಬಹು ದೂರದಲ್ಲಿ ಮಿಸುಕಿದ್ದನ್ನು ಕಣ್ಣಲ್ಲೇ ಹಿಡಿದು, ಆ ಕ್ಷಣವೇ ಓಟಕ್ಕೆ ಇಳಿಯುವುದು ಅದರ ಹುಟ್ಟುಗುಣ. ದಿನಕ್ಕೆ ಎರಡು ಹೊತ್ತು ನಡಿಗೆ ಮತ್ತು ವಾರದಲ್ಲಿ ಕೆಲವು ದಿನವಾದರೂ ಬೇಲಿಯಿರುವ ಬಯಲಿನಲ್ಲಿ ಮನದಣಿಯೆ ಓಟ ಇದಕ್ಕೆ ಬೇಕೇ ಬೇಕು. ಅಷ್ಟು ಸಿಕ್ಕರೆ ಇದು ಫ್ಲ್ಯಾಟಿನಲ್ಲೂ ಬಾಳಬಲ್ಲದು. ಸಿಗದಿದ್ದರೆ ಎರಡು ಎಕರೆ ತೋಟದ ಮೂಲೆಯಲ್ಲಿ ಕಟ್ಟಿದರೂ ಕೆಡುತ್ತದೆ.

ಮರಿಯನ್ನು ನೋಡುವ ಮೊದಲು ತಾಯಿಯನ್ನು ನೋಡಿ. ಹೊಸಬರು ಬಂದಾಗ ತಾಯಿ ಸ್ವಲ್ಪ ಹಿಂಜರಿಯುವುದು ಈ ತಳಿಯಲ್ಲಿ ಸಹಜ. ಆದರೆ ಅದು ಗೋಡೆಗೆ ಒತ್ತಿಕೊಂಡು ನಡುಗುತ್ತಿದ್ದರೆ ಅಥವಾ ಮಾಲೀಕನ ಕೈಯನ್ನೇ ಕಂಡು ಬೆದರುತ್ತಿದ್ದರೆ ಆ ಸೂಲಿನ ಮರಿ ಬೇಡ. ಭಯದ ಸ್ವಭಾವ ಬಹುಮಟ್ಟಿಗೆ ತಾಯಿಯಿಂದ ಮರಿಗಳಿಗೆ ಇಳಿಯುತ್ತದೆ, ರಕ್ತದಿಂದಲೂ ಇಳಿಯುತ್ತದೆ, ನೋಡಿ ಕಲಿಯುವುದರಿಂದಲೂ ಇಳಿಯುತ್ತದೆ. ಎಂಟು ವಾರಕ್ಕೆ ಮೊದಲು ಮರಿಯನ್ನು ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರದ 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ಹೇಳುತ್ತವೆ. ತಾಯಿ ಮತ್ತು ಒಡಹುಟ್ಟುಗಳ ಜೊತೆ ಆ ವಾರಗಳನ್ನು ಕಳೆದ ಮರಿ ಎಷ್ಟು ಜೋರಾಗಿ ಕಚ್ಚಬಾರದು ಎಂಬುದನ್ನು ಆಟದಲ್ಲೇ ಕಲಿತಿರುತ್ತದೆ. ಐದು ವಾರದ ಮರಿಯನ್ನು ಚೀಲದಲ್ಲಿ ತಂದು ಕೊಡುವವರಿಂದ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ನಡೆಸುತ್ತಿದ್ದು, ತಳಿಯ ಲಕ್ಷಣಗಳನ್ನು ತಿಳಿಯಬಯಸುವವರು ಅಲ್ಲಿಂದ ಆರಂಭಿಸುವುದು ಒಳ್ಳೆಯದು.

ಮೊದಲ ವಾರಗಳು

ಮರಿಯ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಅವಧಿಯಷ್ಟು ಬೆಲೆಯುಳ್ಳ ಕಾಲ ಅದರ ಬದುಕಿನಲ್ಲಿ ಮತ್ತೆ ಬರುವುದಿಲ್ಲ. ಈ ಹೊತ್ತಿನಲ್ಲಿ ಭಯವಿಲ್ಲದೆ ಕಂಡದ್ದೆಲ್ಲ ಅದಕ್ಕೆ ಲೋಕದ ಸಹಜ ಭಾಗವಾಗುತ್ತದೆ. ಕಾಣದೇ ಉಳಿದದ್ದು ಮುಂದೆ ಸಂಶಯದ ವಸ್ತುವಾಗುತ್ತದೆ. ಮುಧೋಳದಂತಹ ಸೂಕ್ಷ್ಮ ತಳಿಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಲಸಿಕೆಗಳು ಪೂರ್ತಿಯಾಗುವವರೆಗೆ ಬೀದಿಯ ನೆಲಕ್ಕೆ ಇಳಿಸಬಾರದೆಂಬ ವೈದ್ಯರ ಮಾತು ಸರಿಯೇ. ಆದರೆ ಅದಕ್ಕಾಗಿ ಮರಿಯನ್ನು ಮನೆಯೊಳಗೆ ಮುಚ್ಚಿಡಬೇಕಾಗಿಲ್ಲ. ಕಂಕುಳಲ್ಲಿ ಎತ್ತಿಕೊಂಡು ಸಂತೆಯ ಅಂಚಿಗೆ, ಬಸ್ ನಿಲ್ದಾಣದ ಬಳಿಗೆ, ಶಾಲೆ ಬಿಡುವ ಹೊತ್ತಿನ ರಸ್ತೆಗೆ ಕರೆದೊಯ್ಯಿರಿ. ಟ್ರ್ಯಾಕ್ಟರಿನ ಸದ್ದು, ಕೊಡೆ, ಹೆಲ್ಮೆಟ್, ಗಡ್ಡದವರು, ಕೋಲು ಹಿಡಿದ ಅಜ್ಜ, ಓಡಾಡುವ ಮಕ್ಕಳು, ಎಲ್ಲವನ್ನೂ ಅದು ದೂರದಿಂದ ನೋಡಲಿ. ಅದು ಹಿಂದೆ ಸರಿದರೆ ಮುಂದಕ್ಕೆ ತಳ್ಳದೆ, ಇನ್ನಷ್ಟು ದೂರಕ್ಕೆ ಹೋಗಿ ನಿಂತು ಬಾಯಿಗೆ ಒಂದು ತುಣುಕು ಕೋಳಿ ಮಾಂಸ ಕೊಡಿ. ಪ್ರತಿದಿನ ಕಿವಿ, ಬಾಯಿ, ಪಾದ, ಬಾಲಗಳನ್ನು ಮುಟ್ಟಿ ನೋಡುವ ರೂಢಿ ಮಾಡಿಸಿದರೆ ಮುಂದೆ ಪಶುವೈದ್ಯರ ಮೇಜಿನ ಮೇಲೆ ಜಗಳವಿರುವುದಿಲ್ಲ.

ಲಸಿಕೆ ಆರರಿಂದ ಎಂಟನೆಯ ವಾರದಲ್ಲಿ ಆರಂಭವಾಗಿ, ಮೂರು-ನಾಲ್ಕು ವಾರಗಳ ಅಂತರದಲ್ಲಿ ಹದಿನಾರು ವಾರ ತುಂಬುವವರೆಗೆ ಮುಂದುವರಿಯುತ್ತದೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಉಣ್ಣಿಗಳ ಬಗ್ಗೆ ಎಚ್ಚರವಿರಲಿ, ಅವು ಹರಡುವ ಜ್ವರಗಳು ನಮ್ಮಲ್ಲಿ ನಾಯಿಗಳನ್ನು ಹೆಚ್ಚಾಗಿ ಕಾಡುತ್ತವೆ. ಊಟದ ವಿಷಯದಲ್ಲಿ ಬಯಲುಸೀಮೆಯ ಮನೆಗಳಲ್ಲಿ ಹಿಂದಿನಿಂದಲೂ ಜೋಳದ ನುಚ್ಚು, ಹಾಲು, ಮೊಟ್ಟೆ ಕೊಡುವ ರೂಢಿಯಿದೆ. ಬೆಳೆಯುವ ಮರಿಗೆ ಅದರ ಜೊತೆ ಮಾಂಸದ ಪ್ರೋಟೀನ್ ಸಾಕಷ್ಟು ಬೇಕು. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಎದೆ ಆಳವಾಗಿರುವ ತಳಿಯಾದ್ದರಿಂದ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿರುತ್ತದೆ. ದಿನದ ಊಟವನ್ನು ಎರಡು ಹೊತ್ತಿಗೆ ಹಂಚಿ, ಉಂಡ ಮೇಲೆ ಒಂದು ಗಂಟೆಯಾದರೂ ಓಡಿಸಬೇಡಿ. ಕೊನೆಯ ಕೆಲವು ಪಕ್ಕೆಲುಬುಗಳೂ ಸೊಂಟದ ಎಲುಬುಗಳೂ ಕಾಣುವುದು ಇದಕ್ಕೆ ಸಹಜ ಮೈಕಟ್ಟು. ನೆರೆಯವರು ಬಡಕಲೆಂದರೂ ದಪ್ಪ ಮಾಡಲು ಹೋಗಬೇಡಿ.

ಪಳಗಿಸುವುದು

ತರಬೇತಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕರೆದಾಗ ಬರುವುದು, ಮತ್ತು ಈ ತಳಿಗೆ ಎಲ್ಲಕ್ಕಿಂತ ಕಷ್ಟವಾದದ್ದೂ ಅದೇ. ಆದ್ದರಿಂದ ಕುಳಿತುಕೋ, ಕೈ ಕೊಡು ಎಂಬುದನ್ನೆಲ್ಲ ಆಮೇಲೆ ಕಲಿಸಬಹುದು. ಮೊದಲು ಒಂದು ಕರೆಯನ್ನು ಆರಿಸಿಕೊಳ್ಳಿ. ಅದು ಸೀಟಿಯಾದರೆ ಇನ್ನೂ ಒಳ್ಳೆಯದು, ಯಾಕೆಂದರೆ ಸೀಟಿಯಲ್ಲಿ ಕೋಪ ಬೆರೆಯುವುದಿಲ್ಲ, ಬಯಲಿನಲ್ಲಿ ಅದು ದೂರಕ್ಕೂ ಕೇಳುತ್ತದೆ. ಮನೆಯೊಳಗೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕರೆದು, ಬಂದ ಕೂಡಲೇ ಅದಕ್ಕೆ ಅತಿ ಇಷ್ಟವಾದದ್ದನ್ನು ಕೊಡಿ. ಅಲ್ಲಿ ತಪ್ಪದೆ ಬರತೊಡಗಿದ ಮೇಲೆ ಅಂಗಳಕ್ಕೆ, ಆಮೇಲೆ ಹತ್ತು ಮೀಟರ್ ಉದ್ದದ ಹಗ್ಗ ಕಟ್ಟಿ ಬಯಲಿಗೆ ಹೋಗಿ. ಉದ್ದದ ಹಗ್ಗವನ್ನು ಕುತ್ತಿಗೆಪಟ್ಟಿಗೆ ಕಟ್ಟದೆ ಎದೆಪಟ್ಟಿಗೇ ಕಟ್ಟಬೇಕು. ಓಟದ ವೇಗದಲ್ಲಿ ಹಗ್ಗ ಬಿಗಿದರೆ ಆ ತೆಳು ಕುತ್ತಿಗೆಗೆ ಪೆಟ್ಟಾಗುತ್ತದೆ. ದಿನದ ನಡಿಗೆಗೂ ಅಗಲವಾದ ಕುತ್ತಿಗೆಪಟ್ಟಿಯೇ ಬೇಕು, ಯಾಕೆಂದರೆ ತಲೆ ಕಿರಿದಾಗಿರುವುದರಿಂದ ಸಾಮಾನ್ಯ ಕಾಲರ್ ಹಿಂದಕ್ಕೆ ಜಗ್ಗಿದರೆ ಕಳಚಿಕೊಳ್ಳುತ್ತದೆ.

ಕರೆದಾಗ ಬಂದ ನಾಯಿಯನ್ನು ಪ್ರತಿ ಸಲವೂ ಹಿಡಿದು ಮನೆಗೆ ಎಳೆದೊಯ್ದರೆ, ಕರೆ ಎಂದರೆ ಆಟ ಮುಗಿಯಿತು ಎಂದು ಅದು ತಿಳಿಯುತ್ತದೆ. ಹತ್ತು ಸಲ ಕರೆದರೆ ಒಂಬತ್ತು ಸಲ ತಿನಿಸು ಕೊಟ್ಟು ಮತ್ತೆ ಬಿಟ್ಟುಬಿಡಿ. ತಡವಾಗಿ ಬಂದದ್ದಕ್ಕೆ ಹೊಡೆಯುವುದು, ಗದರುವುದು ಇವೆರಡನ್ನೂ ಪೂರ್ತಿಯಾಗಿ ಬಿಡಬೇಕು. ಕೆಲವು ತಳಿಗಳು ಗಟ್ಟಿ ದನಿಯನ್ನು ಸಹಿಸಿಕೊಂಡು ಮತ್ತೆ ಕೆಲಸಕ್ಕೆ ಮರಳಬಲ್ಲವು. ಮುಧೋಳ ಹಾಗಲ್ಲ, ಒಮ್ಮೆ ನಂಬಿಕೆ ಮುರಿದರೆ ಅದು ಮುದುಡಿಕೊಂಡು ಕಲಿಯುವುದನ್ನೇ ನಿಲ್ಲಿಸುತ್ತದೆ. ಒಂದು ಪಾಠ ಐದು ನಿಮಿಷ ಮೀರದಿರಲಿ, ದಿನಕ್ಕೆ ಮೂರು ಬಾರಿ ಸಾಕು.

ಬೆನ್ನಟ್ಟುವ ಗುಣವನ್ನು ಅಳಿಸಲಾಗದು, ಆದರೆ ಅದಕ್ಕೊಂದು ದಾರಿ ಕೊಡಬಹುದು. ಉದ್ದನೆಯ ಬಿದಿರಿನ ಕೋಲಿಗೆ ಹಗ್ಗ ಕಟ್ಟಿ, ಅದರ ತುದಿಗೆ ಬಟ್ಟೆಯ ಚಿಂದಿ ಕಟ್ಟಿ ನೆಲದ ಮೇಲೆ ಸುತ್ತ ಎಳೆಯಿರಿ. ನಾಯಿ ಕಾಯಬೇಕು, ‘ಹಿಡಿ’ ಎಂದಾಗಲೇ ಓಡಬೇಕು, ‘ಬಿಡು’ ಎಂದಾಗ ಬಿಟ್ಟು ತಿನಿಸು ಪಡೆಯಬೇಕು. ತನ್ನ ಅತಿ ದೊಡ್ಡ ಆಸೆಯ ನಡುವೆಯೂ ನಿಮ್ಮ ಮಾತಿಗೆ ಕಿವಿಗೊಡುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಆಟವನ್ನು ನಾನು ಕಂಡಿಲ್ಲ. ಎಳೆಯ ಮರಿಗೆ ಇದನ್ನು ನಿಧಾನವಾಗಿ, ಮೆತ್ತನೆಯ ನೆಲದಲ್ಲಿ, ಜಿಗಿತವಿಲ್ಲದೆ ಆಡಿಸಿ. ಎಲುಬಿನ ಬೆಳವಣಿಗೆ ಮುಗಿಯಲು ಒಂದು ವರ್ಷಕ್ಕಿಂತ ಹೆಚ್ಚು ಬೇಕಾಗುವುದರಿಂದ ಅದಕ್ಕೆ ಮೊದಲು ಸೈಕಲ್ ಜೊತೆ ಓಡಿಸುವುದು ತಪ್ಪು. ಕುರಿ, ಕೋಳಿ ಇರುವ ಮನೆಗಳಲ್ಲಿ ಮರಿಯಾಗಿದ್ದಾಗಲೇ ಹಗ್ಗ ಹಿಡಿದು ಅವುಗಳ ನಡುವೆ ಕೂರಿಸಿ ರೂಢಿ ಮಾಡಿಸಬೇಕು. ಎಷ್ಟೇ ಪಳಗಿದರೂ ವಾಹನ ಓಡಾಡುವ ರಸ್ತೆಯ ಬಳಿ ಹಗ್ಗ ಬಿಚ್ಚಬೇಡಿ. ಇನ್ನು, ಮೊಲದ ಬೇಟೆಗೆ ನಾಯಿ ಬಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಊರಿನ ಹಳೆಯ ಪದ್ಧತಿ ಎಂಬ ಸಮರ್ಥನೆ ಅಲ್ಲಿ ನಡೆಯುವುದಿಲ್ಲ.

ಮರಿ ಮಾಡಿಸುವುದಾದರೆ

ಒಳ್ಳೆಯ ನಾಯಿ ಇದೆ ಎಂಬುದಷ್ಟೇ ಮರಿ ಮಾಡಿಸಲು ಕಾರಣವಾಗಬಾರದು. 2017ರ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಹೆಣ್ಣಿಗೆ ಕನಿಷ್ಠ ಹದಿನೆಂಟು ತಿಂಗಳಾಗಿರಬೇಕು, ಎಂಟು ವರ್ಷ ಮೀರಿರಬಾರದು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಕೂಡದು. ನನ್ನ ಅಭಿಪ್ರಾಯದಲ್ಲಿ ಐದೂ ಹೆಚ್ಚೇ. ಎರಡು ಅಥವಾ ಮೂರು ಒಳ್ಳೆಯ ಸೂಲು ಕೊಟ್ಟ ತಾಯಿಗೆ ವಿಶ್ರಾಂತಿ ಕೊಡಬೇಕು.

ಗಂಡನ್ನು ಆರಿಸುವಾಗ ಹತ್ತಿರದಲ್ಲಿ ಸಿಕ್ಕದ್ದನ್ನು ಅಥವಾ ಪ್ರದರ್ಶನದಲ್ಲಿ ಬಹುಮಾನ ಗೆದ್ದದ್ದನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಎರಡೂ ಕಡೆಯ ಕನಿಷ್ಠ ಮೂರು ತಲೆಮಾರಿನ ಹೆಸರುಗಳನ್ನು ಬರೆದು ಹೋಲಿಸಿ. ಒಂದೇ ತಾಲ್ಲೂಕಿನ ಸುತ್ತ ಬೆಳೆದ ತಳಿಯಲ್ಲಿ ಅಜ್ಜ-ಅಜ್ಜಿಯರು ಒಂದೇ ಆಗಿರುವುದು ಸುಲಭ, ಮತ್ತು ಹತ್ತಿರದ ರಕ್ತ ಮೇಲಿಂದ ಮೇಲೆ ಕೂಡಿದರೆ ಮರಿಗಳ ಸಂಖ್ಯೆ ಕುಗ್ಗುತ್ತದೆ, ರೋಗ ತಡೆಯುವ ಶಕ್ತಿ ಇಳಿಯುತ್ತದೆ, ಅಡಗಿದ್ದ ದೋಷಗಳು ಮೇಲೆ ಬರುತ್ತವೆ. ಹೆಣ್ಣಿಗೆ ಬೆನ್ನು ದುರ್ಬಲವಾಗಿದ್ದರೆ ಬೆನ್ನು ಗಟ್ಟಿಯಿರುವ ಗಂಡನ್ನು ಆರಿಸಿ. ಹೆಣ್ಣು ಅಂಜುವ ಸ್ವಭಾವದ್ದಾದರೆ ಯಾವ ಗಂಡನ್ನೂ ಹುಡುಕದೆ ಮರಿ ಮಾಡಿಸುವುದನ್ನೇ ಕೈಬಿಡುವುದು ಸರಿ. ಬಣ್ಣವನ್ನು ಎಲ್ಲಕ್ಕಿಂತ ಕೊನೆಗೆ ನೋಡಿ. ಅಪರೂಪದ ಬಣ್ಣಕ್ಕಾಗಿ, ಇನ್ನಷ್ಟು ಎತ್ತರಕ್ಕಾಗಿ, ವಿದೇಶಿ ಗ್ರೇಹೌಂಡ್ ರಕ್ತ ಬೆರೆಸಿ ಮುಧೋಳವೆಂದು ಮಾರುವುದು ಈ ತಳಿಗೆ ಮಾಡುವ ನೇರ ಅನ್ಯಾಯ. ಕೂಡಿಸುವ ಮೊದಲು ಎರಡಕ್ಕೂ ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ. ಅದು ಗಬ್ಬ ಕಳಚಿಸುವ, ಮನುಷ್ಯರಿಗೂ ತಗಲಬಲ್ಲ ಸೋಂಕು.

ಬೆದೆಗೆ ಬಂದ ಹೆಣ್ಣಿಗೆ ರಕ್ತಸ್ರಾವ ಆರಂಭವಾದ ಮೇಲೆ ಸಾಮಾನ್ಯವಾಗಿ ಒಂಬತ್ತರಿಂದ ಹದಿನಾಲ್ಕನೆಯ ದಿನದ ನಡುವೆ ಗಂಡನ್ನು ಸೇರಿಸಿಕೊಳ್ಳುವ ಮನಸ್ಸಾಗುತ್ತದೆ. ಆದರೆ ನಾಯಿಯಿಂದ ನಾಯಿಗೆ ಇದು ತುಂಬ ಬದಲಾಗುವುದರಿಂದ ದಿನ ಎಣಿಸುವುದಕ್ಕಿಂತ ರಕ್ತದಲ್ಲಿನ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ಪರೀಕ್ಷೆ ನಂಬಿಕೆಗೆ ಅರ್ಹ. ಕೂಡಿದ ಮೇಲೆ ಎರಡೂ ಹದಿನೈದು-ಇಪ್ಪತ್ತು ನಿಮಿಷ ಅಂಟಿಕೊಂಡಿರುತ್ತವೆ, ಆಗ ಯಾವ ಕಾರಣಕ್ಕೂ ಬಿಡಿಸಬಾರದು. ಗಬ್ಬದ ಅವಧಿ ಸುಮಾರು 63 ದಿನ. ನಾಲ್ಕನೆಯ ವಾರದ ಹೊತ್ತಿಗೆ ಸ್ಕ್ಯಾನಿಂಗ್‌ನಲ್ಲಿ ಗಬ್ಬ ಖಚಿತವಾಗುತ್ತದೆ, 55ನೆಯ ದಿನದ ನಂತರದ ಎಕ್ಸ್‌ರೇಯಲ್ಲಿ ಮರಿಗಳನ್ನು ಎಣಿಸಬಹುದು. ಎಷ್ಟು ಮರಿ ಬರಬೇಕೆಂದು ಗೊತ್ತಿದ್ದರೆ ಒಂದು ಒಳಗೇ ಉಳಿದದ್ದು ತಿಳಿಯದೆ ಹೋಗುವುದಿಲ್ಲ. ಆಹಾರವನ್ನು ಆರನೆಯ ವಾರದಿಂದ ಹೆಚ್ಚಿಸಿ. ಕ್ಯಾಲ್ಸಿಯಂ ಔಷಧವನ್ನು ವೈದ್ಯರು ಹೇಳದೆ ಕೊಡಬೇಡಿ, ಗಬ್ಬದಲ್ಲಿ ಅತಿಯಾಗಿ ಕೊಟ್ಟರೆ ಹಾಲೂಡುವ ಕಾಲದಲ್ಲಿ ತಾಯಿಯ ದೇಹ ತನ್ನ ಎಲುಬಿನಿಂದ ಅದನ್ನು ಒದಗಿಸಿಕೊಳ್ಳಲು ಸೋಲುತ್ತದೆ.

ಹೆರಿಗೆಗೆ ಒಂದು ವಾರ ಇರುವಾಗಲೇ ಮನೆಯ ಶಾಂತ ಮೂಲೆಯಲ್ಲಿ ತಾಯಿ ಕೈಕಾಲು ಚಾಚಿ ಮಲಗುವಷ್ಟು ಅಗಲದ ಪೆಟ್ಟಿಗೆ ಇಟ್ಟು ರೂಢಿ ಮಾಡಿಸಿ. ದಿನಕ್ಕೆರಡು ಬಾರಿ ಮೈಬಿಸಿ ನೋಡಿ ಬರೆದಿಡಿ, 37.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಮರಿ ಹಾಕುತ್ತದೆ. ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬಾರದಿದ್ದರೆ, ಒಂದು ಮರಿಗೂ ಇನ್ನೊಂದಕ್ಕೂ ನಡುವೆ ಎರಡು ಗಂಟೆ ಮೀರಿದರೆ, ಮೊದಲ ಮರಿಗಿಂತ ಮೊದಲೇ ಹಸಿರು ಸ್ರಾವ ಬಂದರೆ ತಡಮಾಡದೆ ವೈದ್ಯರ ಬಳಿ ಒಯ್ಯಿರಿ. ಶಸ್ತ್ರಕ್ರಿಯೆ ಬೇಕಾದರೆ, ಮೈಯಲ್ಲಿ ಕೊಬ್ಬು ಕಡಿಮೆಯಿರುವ ಓಟದ ತಳಿ ಇದೆಂಬುದನ್ನು ಅರಿವಳಿಕೆ ಕೊಡುವವರಿಗೆ ನೆನಪಿಸಿ. ಥಯೋಪೆಂಟೋನ್‌ನಂತಹ ಮದ್ದುಗಳಿಂದ ಇಂತಹ ನಾಯಿಗಳು ಎಚ್ಚರಗೊಳ್ಳುವುದು ತಡವಾಗುತ್ತದೆ, ಅವುಗಳ ಬದಲು ಬೇರೆ ಮದ್ದುಗಳಿವೆ.

ಹುಟ್ಟಿದ ಮರಿಗಳಿಗೆ ತಮ್ಮ ಮೈಬಿಸಿಯನ್ನು ಕಾಯ್ದುಕೊಳ್ಳಲು ಬಾರದು, ಆದ್ದರಿಂದ ಪೆಟ್ಟಿಗೆಯ ಒಂದು ಬದಿ ಬೆಚ್ಚಗಿರಬೇಕು, ಇನ್ನೊಂದು ಬದಿ ತಾಯಿಗೆ ತಂಪಾಗಿರಬೇಕು. ಮೊದಲ ದಿನದ ಗಿಣ್ಣುಹಾಲು ಪ್ರತಿ ಮರಿಗೂ ಸಿಕ್ಕಿತೇ ಎಂದು ನೋಡಿ. ಪ್ರತಿದಿನ ಒಂದೇ ಹೊತ್ತಿಗೆ ತೂಕ ಮಾಡಿ. ತೂಕ ಏರದ ಮರಿ ಅಳುವ ಮೊದಲೇ ತಕ್ಕಡಿ ಅದನ್ನು ತೋರಿಸುತ್ತದೆ. ಹಾಲೂಡುವ ತಾಯಿ ನಡುಗುತ್ತ, ಏದುಸಿರು ಬಿಡುತ್ತ, ಕಾಲು ಸೆಟೆಸಿಕೊಂಡರೆ ಅದು ಕ್ಯಾಲ್ಸಿಯಂ ಕುಸಿತ. ಮರಿಗಳನ್ನು ಬೇರ್ಪಡಿಸಿ ಆ ಗಂಟೆಯಲ್ಲೇ ಚಿಕಿತ್ಸೆ ಕೊಡಿಸಬೇಕು. ಜಂತುಹುಳುವಿನ ಔಷಧ ಎರಡನೆಯ ವಾರದಿಂದಲೇ. ಮೂರನೆಯ ವಾರದಿಂದ ಮನೆಯ ಪ್ರತಿಯೊಬ್ಬರೂ ದಿನವೂ ಪ್ರತಿ ಮರಿಯನ್ನೂ ಸ್ವಲ್ಪ ಹೊತ್ತು ಎತ್ತಿಕೊಳ್ಳಲಿ, ಅಡುಗೆಮನೆಯ ಸದ್ದು, ಮಿಕ್ಸಿಯ ಸದ್ದು ಅವುಗಳ ಕಿವಿಗೆ ಬೀಳಲಿ.

ಕೊಳ್ಳಲು ಬಂದವರ ಮನೆಯನ್ನು ಒಮ್ಮೆ ಹೋಗಿ ನೋಡಿ, ಅಥವಾ ವೀಡಿಯೊದಲ್ಲಾದರೂ ನೋಡಿ. ಸರಪಳಿಗೆ ಕಟ್ಟುವುದಿಲ್ಲವೆಂದೂ, ಸಾಕಲಾಗದಿದ್ದರೆ ಬೀದಿಗೆ ಬಿಡದೆ ಮರಳಿ ನಿಮಗೇ ಒಪ್ಪಿಸುವುದೆಂದೂ ಬರೆಸಿಕೊಂಡು ಸಹಿ ಮಾಡಿಸಿ. ಮರಿಯ ಜೊತೆ ಲಸಿಕೆಯ ಪುಸ್ತಕ, ಮೈಕ್ರೊಚಿಪ್ ಸಂಖ್ಯೆ, ಮೂರು ತಲೆಮಾರಿನ ವಂಶಾವಳಿ ಮತ್ತು ಅದು ಈಗ ತಿನ್ನುತ್ತಿರುವ ಆಹಾರದ ಒಂದು ವಾರದ ಪಾಲನ್ನು ಕೊಟ್ಟು ಕಳುಹಿಸಿ.