ಅಕ್ರಿಲಿಕ್ ಬಣ್ಣಕ್ಕೆ ಏನು ಬೆರೆಸಬೇಕು? ಮೊದಲು ಹವೆ ನೋಡಿ

ಕಾಫಿ ಹೂ ಬಿಡುವ ಮಾರ್ಚ್ ತಿಂಗಳಲ್ಲಿ, ಬ್ರಷ್ ತೊಳೆದು ಬರುವಷ್ಟರಲ್ಲಿ ಪ್ಯಾಲೆಟ್ ಮೇಲಿನ ಅಕ್ರಿಲಿಕ್ ಬಣ್ಣ ಕೆನೆ ಕಟ್ಟಿರುತ್ತದೆ. ಜುಲೈ ಬಂತೆಂದರೆ ಅದೇ ಬಣ್ಣ ತಾಸುಗಟ್ಟಲೆ ಅಂಟಂಟು. ಹಾಗಾಗಿ ಕೊಡಗಿನಲ್ಲಿ ಬಣ್ಣಕ್ಕೆ ಏನಾದರೂ ಬೆರೆಸುವ ಮೊದಲು ಹೊರಗಿನ ಹವೆ ನೋಡಲೇಬೇಕು.

ಈ ಬಣ್ಣದಲ್ಲಿ ನೀರು, ಬಣ್ಣದ ಪುಡಿ, ಅಕ್ರಿಲಿಕ್‌ನ ಸಣ್ಣ ಸಣ್ಣ ಕಣಗಳು ಇರುತ್ತವೆ. ನೀರು ಆರಿದಂತೆ ಕಣಗಳು ಒಂದಕ್ಕೊಂದು ಬೆಸೆದು ಗಟ್ಟಿ ಪದರ ಆಗುತ್ತದೆ. ಹಸಿಯಿದ್ದಾಗ ಅಕ್ರಿಲಿಕ್ ಹಾಲಿನ ಹಾಗೆ ಬೆಳ್ಳಗಿರುತ್ತದೆ, ಒಣಗಿದರೆ ಗಾಜಿನಂತೆ ಪಾರದರ್ಶಕವಾಗುತ್ತದೆ. ಒಣಗಿದ ಬಣ್ಣ ಸ್ವಲ್ಪ ಗಾಢವಾಗಿ ಕಾಣುವುದು ಇದಕ್ಕೇ. ಸುಮಾರು 10 ಡಿಗ್ರಿಗಿಂತ ಚಳಿ ಇದ್ದರೆ ಕಣಗಳು ಸರಿಯಾಗಿ ಬೆಸೆಯುವುದಿಲ್ಲ. ಜನವರಿಯಲ್ಲಿ ಮಡಿಕೇರಿಯ ಬೆಳಗಿನ ಜಾವ ಆ ಹತ್ತಿರಕ್ಕೆ ಬರುವುದುಂಟು. ಬಿಸಿಲೇರಿದ ಮೇಲೆ ಕೆಲಸ ಶುರು ಮಾಡಿ.

ಬೆರೆಸುವ ವಸ್ತುಗಳಲ್ಲಿ ಎರಡು ಜಾತಿ. ದಪ್ಪಗಿರುವ ಜೆಲ್, ಹೊಳಪು ಕೊಡುವ ಗ್ಲಾಸ್ ಮೀಡಿಯಂ, ಹೊಳಪು ತೆಗೆಯುವ ಮ್ಯಾಟ್ ಮೀಡಿಯಂ ಇವುಗಳಲ್ಲಿ ಅಕ್ರಿಲಿಕ್ಕೇ ಇದೆ. ಎಷ್ಟು ಸೇರಿಸಿದರೂ ಪದರ ಗಟ್ಟಿಯಾಗಿಯೇ ನಿಲ್ಲುತ್ತದೆ. ಒಣಗುವುದನ್ನು ತಡಮಾಡುವ ರಿಟಾರ್ಡರ್ ಮತ್ತು ಬಣ್ಣ ಸರಾಗವಾಗಿ ಹರಿಯುವಂತೆ ಮಾಡುವ ಫ್ಲೋ ಇಂಪ್ರೂವರ್‌ನಲ್ಲಿ ಸಾಮಾನ್ಯವಾಗಿ ಆ ಅಕ್ರಿಲಿಕ್ ಅಂಟು ಇರುವುದಿಲ್ಲ. ಇವುಗಳಿಗೆ ಅಳತೆ ಬೇಕೇ ಬೇಕು.

ಮೊದಲು ಒಂದು ಪರೀಕ್ಷೆ. ಗೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ) ಹಚ್ಚಿದ ರಟ್ಟಿನ ಮೇಲೆ ಒಂದೇ ನೀಲಿಯಿಂದ ನಾಲ್ಕು ಪಟ್ಟೆ ಎಳೆಯಿರಿ: ಬರೀ ಬಣ್ಣ, ರಿಟಾರ್ಡರ್ ಬೆರೆಸಿದ್ದು, ಫ್ಲೋ ಇಂಪ್ರೂವರ್ ಹಾಕಿದ ನೀರು ಬೆರೆಸಿದ್ದು, ಜೆಲ್ ಬೆರೆಸಿದ್ದು. ಪಕ್ಕದಲ್ಲಿ ಅಳತೆ, ತಾರೀಖು ಬರೆದಿಡಿ. ಸ್ವಲ್ಪ ಹೊತ್ತು ಬಿಟ್ಟು ಬೆರಳಿನಿಂದ ಮುಟ್ಟಿ. ಅಂಚು ಒಣಗಿ ನಡುವೆ ಇನ್ನೂ ಜಾರುತ್ತದೆ, ಅಲ್ವಾ? ಯಾವ ಪಟ್ಟೆ ಎಷ್ಟು ಹೊತ್ತು ಜಾರುತ್ತದೆ ಅಂತ ಗುರುತು ಹಾಕಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಇದನ್ನು ಮಾಡಿಟ್ಟರೆ ಯಾವ ಬಾಟಲಿಯ ಲೇಬಲ್ಲಿಗಿಂತಲೂ ಅದೇ ಉಪಯೋಗಕ್ಕೆ ಬರುತ್ತದೆ.

ರಿಟಾರ್ಡರ್. ಬೆಟ್ಟದ ಮೇಲಿನ ಮಂಜು ಬರೆಯಬೇಕಾದರೆ ಬಿಳಿ ಮತ್ತು ಬೂದು ಒಂದರೊಳಗೊಂದು ಕರಗಬೇಕು, ಗೆರೆ ಉಳಿಯಬಾರದು. ಅದಕ್ಕೆ ಬಣ್ಣ ಹಸಿಯಾಗಿರಬೇಕು. ರಿಟಾರ್ಡರ್ ನೀರನ್ನು ಹಿಡಿದಿಟ್ಟುಕೊಂಡು ಆ ಸಮಯ ಕೊಡುತ್ತದೆ. ಬಣ್ಣ ಏಳು ಪಾಲಿದ್ದರೆ ಇದು ಒಂದು ಪಾಲು ಮೀರಬಾರದು. ಲೇಬಲ್‌ನಲ್ಲಿ ಇನ್ನೂ ಕಡಿಮೆ ಹೇಳಿದ್ದರೆ ಅಷ್ಟೇ ಹಾಕಿ. ಜಾಸ್ತಿಯಾದರೆ ಪದರ ಮೆತ್ತಗೆ ಉಳಿದು ದೂಳು ಹಿಡಿಯುತ್ತದೆ. ಜಡಿಮಳೆ ದಿನಗಳಲ್ಲಂತೂ ರಿಟಾರ್ಡರ್ ಬೇಡವೇ ಬೇಡ. ಗಾಳಿಯ ತೇವವೇ ಆ ಕೆಲಸ ಮಾಡುತ್ತದೆ, ಸುಮ್ನೆ ದುಡ್ಡು ದಂಡ.

ಫ್ಲೋ ಇಂಪ್ರೂವರ್. ಸೋಪಿನ ನೀರಿನಂತೆ ಇದು ನೀರಿನ ಬಿಗಿ ಸಡಿಲಿಸುತ್ತದೆ. ಕಾಳುಮೆಣಸಿನ ಬಳ್ಳಿಯ ತೆಳು ಗೆರೆ ತಡೆಯಿಲ್ಲದೆ ಹರಿಯುತ್ತದೆ. ನೇರವಾಗಿ ಬಣ್ಣಕ್ಕೆ ಸುರಿಯಬೇಡಿ. ಲೇಬಲ್‌ನಲ್ಲಿರುವಂತೆ ನೀರಿಗೆ ಬೆರೆಸಿ, ಆ ನೀರಿನಲ್ಲಿ ಬ್ರಷ್ ಅದ್ದಿ. ಹೆಚ್ಚಾದರೆ ಒಣಗಿದ ಮೇಲೂ ಮೇಲ್ಮೈ ಅಂಟುತ್ತದೆ.

ಜೆಲ್ ಮತ್ತು ಪೇಸ್ಟ್. ಕಾಫಿ ಹೂವಿನ ಬಿಳಿ ಗೊಂಚಲು ಉಬ್ಬಿ ನಿಲ್ಲಬೇಕೇ? ದಪ್ಪ ಜೆಲ್ ಬೆರೆಸಿ ಚಾಕುವಿನಲ್ಲಿ ಇಡಿ. ಮಾಡೆಲಿಂಗ್ ಪೇಸ್ಟ್ ಇನ್ನೂ ಗಟ್ಟಿ, ಆದರೆ ಬಣ್ಣವನ್ನು ತಿಳಿ ಮಾಡುತ್ತದೆ. ಮ್ಯಾಟ್ ಮೀಡಿಯಂ ಹೊಳಪು ತೆಗೆಯುತ್ತದೆ, ಜೊತೆಗೆ ಗಾಢ ಬಣ್ಣಗಳನ್ನು ತುಸು ಮಸುಕಾಗಿಸುತ್ತದೆ. ಮೀಡಿಯಂ ಬದಲು ಮರಗೆಲಸದ ಬಿಳಿ ಅಂಟು ಬೆರೆಸುವವರೂ ಇದ್ದಾರೆ. ನಮ್ಮ ಹವೆಗೆ ಅದು ಬೇಡ, ತೇವ ತಾಗಿದರೆ ಮೆತ್ತಗಾಗುತ್ತದೆ.

ಮುಗಿದ ಚಿತ್ರವನ್ನು ಗಾಳಿಯಾಡುವ ಕೋಣೆಯಲ್ಲಿಡಿ. ದಪ್ಪ ಜೆಲ್ ಹಾಕಿದ್ದರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ವಾರಗಟ್ಟಲೆ ಕಾಯಬೇಕು. ವಾರ್ನಿಷ್ ಮಳೆ ಬಿಟ್ಟ ಮೇಲೆಯೇ. ಎರಡು ಕ್ಯಾನ್ವಾಸ್‌ಗಳನ್ನು ಎದುರುಬದುರಾಗಿ ತಾಗಿಸಿ ಇಡಬೇಡಿ, ಪೂರ್ತಿ ಒಣಗಿದ ಅಕ್ರಿಲಿಕ್ ಕೂಡ ಒಂದಕ್ಕೊಂದು ಅಂಟಿಕೊಳ್ಳುತ್ತದೆ.